ಸೊನ್ನೆ ತೋರಿಸುತ್ತಿದ್ದ ಪೆಟ್ಟಿಗೆ

ಜೆಪ್ಪುವಿನ ಗುರುವಪ್ಪನನ್ನು ಬೈಕಂಪಾಡಿಯ ಮೀನಿನ ಕಂಪನಿಯವರು ಕೆಲಸಕ್ಕೆ ಇಟ್ಟುಕೊಂಡದ್ದು ಯಂತ್ರ ನಡೆಸಲಿಕ್ಕೆ ಎಂದು ಕಾಗದ ಹೇಳುತ್ತದೆ. ಆದರೆ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಅವನ ಮೂಗು.

ಆ ಕಂಪನಿಯಲ್ಲಿ ಸಿಗಡಿ ಸುಲಿದು, ಬೊಂಡಾಸು ಮೀನು ಕತ್ತರಿಸಿ, ಮಂಜುಗಟ್ಟಿಸಿ ಕಂಟೇನರಿಗೆ ತುಂಬುತ್ತಾರೆ. ಮಂಜುಗಟ್ಟಿಸಲು ಅಮೋನಿಯ ಬೇಕು. ಕೊಳವೆಯ ಒಳಗೆ ಇರುವಷ್ಟು ಹೊತ್ತು ಅದು ಹೇಳಿದ ಹಾಗೆ ಕೇಳುತ್ತದೆ. ಹೊರಗೆ ಬಂದರೆ ಕಣ್ಣು, ಗಂಟಲು, ಶ್ವಾಸಕೋಶ, ಎಲ್ಲಿ ಒದ್ದೆ ಇದೆಯೋ ಅಲ್ಲಿಗೆ ನುಗ್ಗಿ ಸುಡುತ್ತದೆ. ಈ ಕೊಳವೆಗಳು ಯಂತ್ರದ ಕೋಣೆಯಿಂದ ಹೊರಟು, ಹೆಂಗಸರು ಸಾಲಾಗಿ ನಿಂತು ಸಿಗಡಿ ಸುಲಿಯುವ ದೊಡ್ಡ ಹಾಲ್‌ನ ನೆತ್ತಿಯ ಮೇಲೆ ಹಾದು, ಫ್ರೀಜರ್‌ಗೆ ಹೋಗುತ್ತವೆ.

ಹಾಗಾಗಿ ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು. ಬೆಳಿಗ್ಗೆ ಹೆಂಗಸರು ಬಿಳಿ ಕೋಟು, ಗಂಬೂಟು ಹಾಕಿಕೊಂಡು ಹಾಲಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗುರುವಪ್ಪ ಒಬ್ಬನೇ ಒಳಗೆ ಹೋಗಿ, ಕೊಳವೆಗಳ ಅಡಿಯಲ್ಲಿ ಒಂದು ಸುತ್ತು ಹಾಕಿ, ತಲೆ ಎತ್ತಿ ಅಲ್ಲಲ್ಲಿ ಮೂಸಿ ನೋಡಿ, ತಿರುಗಿ ಬಂದು ಕೈ ಎತ್ತುತ್ತಿದ್ದ. ಆ ಕೈ ಎದ್ದ ಮೇಲೆಯೇ ಹೆಂಗಸರು ಒಳಗೆ. ಇದಕ್ಕೆ ಅವರು 'ಮೂಗು ಇಡುವುದು' ಎನ್ನುತ್ತಿದ್ದರು.

"ಗುರುವಣ್ಣನ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ಬೇಕು ಮಾರಾಯ್ರೆ," ಎಂದು ನಗುತ್ತಿದ್ದವಳು ನಳಿನಾಕ್ಷಿ.

"ಮೂಗಿಗೆ ಮಾತ್ರವಾ? ಉಳಿದ ಗುರುವಣ್ಣ ಬೇಡ್ವಾ?" ಎಂದು ಇನ್ನೊಬ್ಬಳು.

"ಉಳಿದದ್ದು ದೇಯಿಯಕ್ಕನಿಗೆ ಇರ್ಲಿ. ನಮಗೆ ಎಂತಕ್ಕೆ?"

ದೇಯಿ ಅವನ ಹೆಂಡತಿ. ನಳಿನಾಕ್ಷಿ ಅವರ ಓಣಿಯವಳೇ, ಗಂಡ ರಿಕ್ಷಾ ಓಡಿಸುತ್ತಾನೆ. ಅವಳನ್ನು ಕಂಪನಿಗೆ ಸೇರಿಸಿದ್ದು ಗುರುವಪ್ಪ. ಸೇರಿದ ಎರಡನೆಯ ವರ್ಷಕ್ಕೇ ಹಾಲಿನಲ್ಲಿ ಅವಳಷ್ಟು ಬೇಗ ಸಿಗಡಿ ಸುಲಿಯುವವರು ಯಾರೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಆ ಜಂಬವೂ ಇತ್ತು. ಇರಬಾರದೇಕೆ?

ಊರಿಗೆಲ್ಲ ಜ್ವರ ಬಂದುಹೋದ ಆ ಕಾಲದಲ್ಲಿ ಗುರುವಪ್ಪನಿಗೂ ಬಂತು. ರುಚಿ ಹೋಯಿತು, ವಾಸನೆ ಹೋಯಿತು. ಎಲ್ಲರಿಗೂ ಹಾಗೇ ಆಗಿತ್ತು, ಎಲ್ಲರಿಗೂ ವಾಪಸು ಬಂತು. ಅವನಿಗೆ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ಕೆಲಸದವರನ್ನು ಕರೆದೊಯ್ಯುವ ಕಂಪನಿಯ ವ್ಯಾನು ಕೂಳೂರು ಸೇತುವೆ ದಾಟುವಾಗ ಹೊಳೆಯ ಕೆಸರಿನ ವಾಸನೆಗೆ ಹೆಂಗಸರು ಸೆರಗು ಮುಚ್ಚಿಕೊಂಡರೆ, ಅವರನ್ನು ನೋಡಿ ತಾನೂ ಕರವಸ್ತ್ರ ತೆಗೆಯಲು ಕಲಿತ.

ಮನೆಯಲ್ಲಿ ಸಿಕ್ಕಿಬಿದ್ದ. ಹಿಂದಿನ ದಿನದ ಮೀನಿನ ಗಸಿ ಹಳಸಿ ನೊರೆ ಬಂದಿತ್ತು. ಚೆಲ್ಲಬೇಕೆಂದು ದೇಯಿ ಬದಿಗಿಟ್ಟಿದ್ದಳು. ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಇವನು ಅದನ್ನೇ ಅನ್ನಕ್ಕೆ ಹಾಕಿಕೊಂಡು ಉಣ್ಣುತ್ತಿದ್ದ.

"ಎಂತ ಮಾರಾಯ್ರೆ ಅದು! ವಾಸನೆ ಬರುದಿಲ್ವಾ ನಿಮಗೆ?"

ಅವನು ತಟ್ಟೆ ನೋಡಿದ. ಅವಳ ಮುಖ ನೋಡಿದ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಇಲ್ಲ," ಎಂದ. "ಜ್ವರ ಬಂದ ಮೇಲೆ ಎಂತದೂ ಬರುದಿಲ್ಲ."

ದೇಯಿ ಅಲ್ಲೇ ಕುಳಿತಳು. ಅವಳಿಗೆ ತಟ್ಟೆಯ ಗಸಿ ಮರೆತುಹೋಗಿತ್ತು. "ಹಾಗಾದ್ರೆ ಬೆಳಿಗ್ಗೆ ಅಲ್ಲಿ ಹೋಗಿ ಎಂತ ಮೂಸ್ತೀರಿ ನೀವು?"

"ಯಂತ್ರದ ಕೋಣೆಯಲ್ಲಿ ಗಂಧಕದ ಬತ್ತಿ ಹಚ್ಚಿ ನೋಡ್ತೇನೆ. ಸೋರಿದ ಕಡೆ ಬಿಳಿ ಹೊಗೆ ಕಟ್ಟುತ್ತದೆ. ಮೂಗು ಬೇಡ."

"ಹಾಲಿನಲ್ಲಿ?"

"ಹಾಲಿನಲ್ಲಿ ಬತ್ತಿ ಹಚ್ಚಲಿಕ್ಕೆ ಬಿಡುದಿಲ್ಲ. ತಿನ್ನುವ ಸಾಮಾನು ಇರುವ ಜಾಗ. ಮೀನು ಕೊಳ್ಳುವ ಹೊರದೇಶದವರು ನೋಡ್ಲಿಕ್ಕೆ ಬಂದಾಗ ಬೇಡ ಅಂದಿದ್ದಾರೆ."

"ಮತ್ತೆ?"

"ಅಲ್ಲಿ ಪೆಟ್ಟಿಗೆ ಉಂಟು."

"ನಾಳೆಯೇ ಹೋಗಿ ಹೇಳಿ. ಮೂಗು ಹೋಗಿದೆ ಅಂತ. ಅಷ್ಟು ಹೆಂಗಸರ ಜೀವ ಅದು."

"ಹೇಳಿದ್ರೆ ಗೇಟಿನಲ್ಲಿ ಕೂರಿಸ್ತಾರೆ. ಇಲ್ಲದಿದ್ದರೆ ಹೊರಗೆ." ತಟ್ಟೆಯನ್ನು ಬದಿಗೆ ಸರಿಸಿ ಮತ್ತೂ ಹೇಳಿದ: "ನಾನು ಕೈ ಎತ್ತಿದ್ರೆ ಮಾತ್ರ ಹಾಲ್ ನಡೀತದೆ ದೇಯಿ. ಮ್ಯಾನೇಜರ್ ಹೇಳಿದ್ರೂ ಆ ಹೆಂಗಸರು ಒಳಗೆ ಹೋಗುದಿಲ್ಲ. ನಾನು ಹೇಳ್ಬೇಕು."

ಸಂಬಳದ ಹೆದರಿಕೆ ಇತ್ತು ಎಂದರೆ ಅರ್ಧ ಮಾತು. ಇಡೀ ಜೀವನದಲ್ಲಿ ಅವನ ಮಾತಿಗೆ ಬೆಲೆ ಇದ್ದ ಒಂದೇ ಜಾಗ ಆ ಬಾಗಿಲು. ಅದನ್ನು ಬಿಟ್ಟುಕೊಡಲು ಅವನಿಗೆ ಆಗಲಿಲ್ಲ. ತಪ್ಪು. ಇದನ್ನು ನಾನು ಎಲ್ಲೂ ಮುಚ್ಚಿಡುವುದಿಲ್ಲ. ಆದರೆ ಈ ಕತೆಯಲ್ಲಿ ತಪ್ಪು ಮಾಡಿದವರ ಸಾಲು ಅವನಿಂದ ಶುರುವಾಗುತ್ತದೆ, ಅವನಲ್ಲಿ ಮುಗಿಯುವುದಿಲ್ಲ.

ಪೆಟ್ಟಿಗೆಯ ವಿಷಯ ಹೇಳಬೇಕು. ಹಾಲಿನ ಗೋಡೆಯಲ್ಲಿ ಅಂಗೈ ಅಗಲದ ಒಂದು ಪೆಟ್ಟಿಗೆ. ಗಾಳಿಯಲ್ಲಿ ಅಮೋನಿಯ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಮಿತಿ ದಾಟಿದರೆ ಕೂಗುತ್ತದೆ. ಅದು ಆಗಾಗ ದಾರಿ ತಪ್ಪುತ್ತದೆ, ಎಲ್ಲ ಯಂತ್ರಗಳ ಹಾಗೆ. ಆಗ ಅದಕ್ಕೆ ಸೊನ್ನೆ ಎಲ್ಲಿದೆ ಎಂದು ಮತ್ತೆ ಕಲಿಸಿಕೊಡಬೇಕು. ಅದಕ್ಕೆಂದೇ ಶುದ್ಧ ಗಾಳಿಯ ಸಣ್ಣ ಸಿಲಿಂಡರ್ ಸಿಗುತ್ತದೆ. ಆ ಗಾಳಿಯನ್ನು ಉಣಿಸಿ 'ಇದು ಸೊನ್ನೆ' ಎಂದು ಗುಂಡಿ ಒತ್ತಬೇಕು. ಹಾಗೆ ಮಾಡದೆ, ಗಲೀಜು ಗಾಳಿಯಲ್ಲೇ ಗುಂಡಿ ಒತ್ತಿದರೆ? ಮೀನು ಮಾರುವವಳು ತಕ್ಕಡಿಯ ತಟ್ಟೆಯಲ್ಲಿ ಮೊದಲೇ ಒಂದು ಕಲ್ಲಿಟ್ಟು, ಮುಳ್ಳನ್ನು ಸೊನ್ನೆಗೆ ತಿರುಗಿಸಿಕೊಂಡ ಹಾಗೆ. ಆಮೇಲೆ ಆ ಕಲ್ಲಿನ ಭಾರ ಲೆಕ್ಕಕ್ಕೇ ಬರುವುದಿಲ್ಲ.

ಆ ವರ್ಷದ ಮಳೆಗಾಲ ಕಳೆದು ಕಂಪನಿಯಲ್ಲಿ ಸಿಗಡಿಯ ರಾಶಿ ಬೀಳತೊಡಗಿದಾಗ ಪೆಟ್ಟಿಗೆ ಕೂಗಿತು. ಪೆಟ್ಟಿಗೆಯ ಜವಾಬ್ದಾರಿ ಮೆಕ್ಯಾನಿಕಲ್ ಸೂಪರ್‌ವೈಸರ್ ಯೂಸ್ಟೇಸ್ ಅವರದು. ಮ್ಯಾನೇಜರ್ ಮುಖೇಶ್ ಮಹಡಿಯಿಂದ ಇಳಿದು ಬಂದರು.

"ಎಂತ ಯೂಸ್ಟೇಸ್ ಇದು? ಮಳೆಯಲ್ಲೂ ಕೂಗಿತ್ತು, ಬಿಸಿಲಿಗೂ ಕೂಗ್ತದೆ. ಸುಮ್ಮನೆ ಮಾಡಿ ಅದನ್ನು. ಲೈನ್ ನಿಂತ್ರೆ ಕಂಟೇನರ್ ತಪ್ಪುತ್ತದೆ."

"ಸೊನ್ನೆ ಮಾಡ್ಬೇಕು ಸರ್. ಗಾಳಿಯ ಸಿಲಿಂಡರ್ ಮುಗಿದಿದೆ. ತರಿಸ್ಲಿಕ್ಕೆ ಬರೆದು ಕೊಟ್ಟಿದ್ದೆ."

"ಗಾಳಿ ತರಿಸ್ಲಿಕ್ಕಾ?" ಮುಖೇಶ್ ನಕ್ಕರು. "ಇಲ್ಲಿ ಇರುದು ಎಂತ ಮತ್ತೆ? ಗುರುವಪ್ಪ, ವಾಸನೆ ಉಂಟಾ?"

ಅಲ್ಲಿ ಇದ್ದವರೆಲ್ಲ ಗುರುವಪ್ಪನನ್ನು ನೋಡಿದರು. ಅವನು ತಲೆ ಎತ್ತಿ ಗಾಳಿ ಎಳೆದುಕೊಂಡ. ಅವನ ಪಾಲಿಗೆ ಅದು ತಣ್ಣಗೆ ಮಾತ್ರ ಇತ್ತು.

"ಇಲ್ಲ ಸರ್."

"ಆಯ್ತಲ್ಲ. ಒತ್ತಿ ಯೂಸ್ಟೇಸ್."

ಯೂಸ್ಟೇಸ್ ಒತ್ತಿದರು. ಪೆಟ್ಟಿಗೆ ಸೊನ್ನೆ ತೋರಿಸಿತು. ಸೋರುತ್ತಿದ್ದದ್ದು ಹಾಲಿನ ಮೂಲೆಯ ಒಂದು ವಾಲ್ವ್. ಅದರ ಕುತ್ತಿಗೆಗೆ ಸುತ್ತಿದ ಪ್ಯಾಕಿಂಗ್ ಹಳತಾಗಿ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಮುಂದಿನ ವಾರಗಳಲ್ಲಿ ಪೆಟ್ಟಿಗೆ ಮತ್ತೂ ಕೂಗಿತು, ಮತ್ತೂ ಗುಂಡಿ ಒತ್ತಲಾಯಿತು. ಪ್ರತಿ ಸಲವೂ ಹಿಂದಿಗಿಂತ ಕೆಟ್ಟ ಗಾಳಿಯನ್ನು ಅದಕ್ಕೆ ಶುದ್ಧ ಗಾಳಿ ಎಂದು ಪಾಠ ಹೇಳಿದ್ದು. ಗುರುವಪ್ಪ ಪೆಟ್ಟಿಗೆಯನ್ನು ನಂಬಿದ. ಉಳಿದವರು ಗುರುವಪ್ಪನನ್ನು ನಂಬಿದರು. ಕುರುಡರಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಡೆಯುತ್ತಿದ್ದರು, ಹಿಂದೆ ಹಾಲಿನ ಅಷ್ಟೂ ಹೆಂಗಸರು.

ಆ ವಾಲ್ವಿನ ನೇರ ಕೆಳಗಿದ್ದದ್ದು ನಳಿನಾಕ್ಷಿಯ ಮೇಜು.

ಅವಳ ಕಣ್ಣು ಉರಿಯತೊಡಗಿತು. ಪಕ್ಕದವರದ್ದೂ ಉರಿಯಿತು, ಅವಳಷ್ಟು ಅಲ್ಲ. ಹೆಂಗಸರು ದೂರು ಹೇಳಿದರು. ಉತ್ತರ ಮೊದಲೇ ತಯಾರಿತ್ತು: ಕ್ಲೋರಿನ್. ಕೈ ಅದ್ದುವ ನೀರಿಗೆ, ನೆಲ ತೊಳೆಯುವ ನೀರಿಗೆ ಕ್ಲೋರಿನ್ ಹಾಕುತ್ತಾರೆ, ಸ್ವಲ್ಪ ಉರಿಯುತ್ತದೆ, ಅಭ್ಯಾಸ ಆಗುತ್ತದೆ. ವಾಸನೆ ಬರ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಗುರುವಣ್ಣನಿಗೇ ಬಾರದ ವಾಸನೆ ತಮಗೆ ಬಂದರೆ ತಮ್ಮ ಮೂಗೇ ಸರಿ ಇಲ್ಲ ಎಂದು ಅವರು ತಿಳಿದುಕೊಂಡರು. ನಾಲ್ಕು ದಿನ ಕಳೆದರೆ ಅವರ ಮೂಗಿಗೂ ಆ ವಾಸನೆ ಹೊಂದಿಕೊಂಡಿತು. ಮೂಗಿನ ಗುಣವೇ ಅದು. ಕಂಪನಿಯ ಡಾಕ್ಟರು ಕಣ್ಣಿಗೆ ಹಾಕುವ ಮದ್ದು ಕೊಟ್ಟರು. ಮದ್ದಿನ ಬಾಟಲಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತಿದೆ ಎಂದು ಯಾರೂ ಕೇಳಲಿಲ್ಲ, ಹೊಸ ಬಾಟಲಿ ತರಿಸಿದರು.

ಈಗ ಹೊಟ್ಟೆ ಉರಿಯುವ ಮಾತಿಗೆ ಬರುತ್ತೇನೆ.

ಆ ಕಂಪನಿಗೆ ಕಣ್ಣಿಲ್ಲ ಎಂದು ಯಾರಾದರೂ ತಿಳಿದಿದ್ದರೆ ತಪ್ಪು. ಮಹಡಿಯ ಮೇಲೆ ಮುಖೇಶ್ ಅವರ ಕೋಣೆಯಲ್ಲಿ ದೊಡ್ಡ ಪರದೆ ಇತ್ತು. ಒಬ್ಬೊಬ್ಬ ಹೆಂಗಸೂ ಗಂಟೆಗೆ ಎಷ್ಟು ಸಿಗಡಿ ಸುಲಿದಳು ಎಂಬುದು ತೂಕದ ಯಂತ್ರದಿಂದ ನೇರ ಅಲ್ಲಿಗೆ ಹೋಗುತ್ತಿತ್ತು. ಎಂದಿನ ತೂಕದಲ್ಲಿದ್ದರೆ ಹಸಿರು, ಇಳಿದರೆ ಹಳದಿ, ಮತ್ತೂ ಇಳಿದರೆ ಕೆಂಪು. ಒಬ್ಬ ಹೆಂಗಸು ಹೊಟ್ಟೆನೋವೆಂದು ಒಂದು ಮುಷ್ಟಿ ಕಡಿಮೆ ಸುಲಿದರೂ ಆ ಪರದೆಗೆ ಗೊತ್ತಾಗುತ್ತಿತ್ತು. ಆ ವಾರಗಳಲ್ಲಿ ಪರದೆಯ ಒಂದು ಮೂಲೆ ಬಣ್ಣ ಬದಲಿಸತೊಡಗಿತು. ಮೊದಲು ನಳಿನಾಕ್ಷಿ, ಆಮೇಲೆ ಅವಳ ಎಡಬಲದವರು, ಆಮೇಲೆ ಎದುರಿನ ಸಾಲು. ವಾಲ್ವಿನ ಅಡಿಯಿಂದ ಹೊರಟು ಕೆಂಪು ಬಣ್ಣ ಸುತ್ತಲೂ ಹರಡಿತು. ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಹಾಗೆ! ಲಕ್ಷಗಟ್ಟಲೆ ಸುರಿದು ತಂದ ಆ ಪರದೆ ತನ್ನ ಕೆಲಸ ಮಾಡಿತ್ತು, ಗಾಳಿ ಕೆಟ್ಟದ್ದನ್ನು ಹಿಡಿದುಕೊಟ್ಟಿತ್ತು. ನೋಡಿದವರು ಓದಿದ್ದು ಬೇರೆ: ಹೆಂಗಸರು ಸೋಮಾರಿಗಳಾಗಿದ್ದಾರೆ.

ಮುಖೇಶ್ ನಳಿನಾಕ್ಷಿಯನ್ನು ಕರೆಸಿದರು.

"ನೀವೇ ಹೀಗೆ ಮಾಡಿದ್ರೆ ಹೇಗೆ? ಎಲ್ಲರಿಗಿಂತ ಮೇಲೆ ಇದ್ದವರು. ನೋಡಿ, ಎಷ್ಟು ಕೆಳಗೆ!"

"ಕೈ ನಿಧಾನ ಆಗಿಲ್ಲ ಸರ್. ಕಣ್ಣು ಉರಿತದೆ. ಸಿಗಡಿಯ ಬೆನ್ನಿನ ಕಪ್ಪು ನರ ಕಾಣುದಿಲ್ಲ. ಎರಡೆರಡು ಸಲ ನೋಡ್ಬೇಕಾಗ್ತದೆ."

"ಕನ್ನಡಕ ಮಾಡಿಸಿಕೊಳ್ಳಿ. ಪ್ರಾಯ ಆಗ್ತದಲ್ಲ ಎಲ್ಲರಿಗೂ."

ಅವಳು ಹೊರಗೆ ಬಂದಳು. ಬೈಗುಳಕ್ಕಿಂತ ಆ ಕೆಂಪು ಬಣ್ಣ ಅವಳಿಗೆ ಹೆಚ್ಚು ನಾಟಿತ್ತು.

ಸಂಜೆ ವ್ಯಾನು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದಾಗ ಅವಳು ಮುಂದಿನ ಸೀಟಿಗೆ ಬಾಗಿದಳು. "ಗುರುವಣ್ಣ, ಒಂದು ಕೇಳ್ತೇನೆ, ನಿಜ ಹೇಳಿ. ನನ್ನ ಮೇಜಿನ ಹತ್ರ ಎಂತದಾದ್ರೂ ಉಂಟಾ?"

ಗುರುವಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. "ಕ್ಲೋರಿನ್ ಹೆಚ್ಚು ಹಾಕ್ತಾರೆ ಅಂತ ಕಾಣ್ತದೆ."

"ನೀವು ಹೇಳಿದ್ರೆ ಆಯ್ತು," ಎಂದು ಅವಳು ಹಿಂದಕ್ಕೆ ಒರಗಿದಳು.

ಆ ಮಾತು ಅವನನ್ನು ಬಿಡಲಿಲ್ಲ. ಮರುದಿನ ಯೂಸ್ಟೇಸ್ ಅವರ ಹತ್ತಿರ ಹೋದ. ಕ್ರಿಶ್ಚಿಯನ್ ಹಿರಿಯರನ್ನು ತುಳುವರು ಕರೆಯುವ ಹಾಗೆ ಅವನೂ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದ.

"ಪೊರ್ಬುಗಳೇ, ಮೂಲೆಯ ಆ ವಾಲ್ವ್ ಒಂದು ಸಲ ಬಿಚ್ಚಿ ನೋಡುವನಾ?"

"ಎಂತಕ್ಕೆ? ವಾಸನೆ ಬಂತಾ?"

ಇಲ್ಲಿ ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. "ಇಲ್ಲ. ಹೆಂಗಸರು ಕಣ್ಣುರಿ ಅಂತಾರೆ."

"ಬಾಕ್ಸ್ ಸೊನ್ನೆ ತೋರಿಸ್ತದೆ. ನಿಮ್ಮ ಮೂಗು ಇಲ್ಲ ಅಂತದೆ. ಮತ್ತೆ ಎಂತ ಹೇಳಿ ಲೈನ್ ನಿಲ್ಲಿಸುದು ನಾನು? ಮುಖೇಶ್ ಸರ್ ನನ್ನನ್ನೇ ಫ್ರೀಜರ್‌ಗೆ ಹಾಕ್ತಾರೆ." ಯೂಸ್ಟೇಸ್ ಅವನ ಹೆಗಲು ತಟ್ಟಿದರು. "ಸೀಸನ್ ಮುಗೀಲಿ. ನೋಡುವ."

ಸೀಸನ್ ಮುಗಿಯುವ ತನಕ ವಾಲ್ವ್ ಕಾಯಲಿಲ್ಲ.

ಆ ದಿನ ಚಹಾದ ಹೊತ್ತಿಗೆ ಹೆಂಗಸರೆಲ್ಲ ಹೊರಗೆ ಬಂದರು. ನಳಿನಾಕ್ಷಿ ಬರಲಿಲ್ಲ. "ನೀವು ಹೋಗಿ, ನಾನು ಇದೊಂದು ಬುಟ್ಟಿ ಮುಗಿಸಿ ಬರ್ತೇನೆ. ಇವತ್ತು ಹಸಿರು ಮಾಡಿಯೇ ಬಿಡುದು," ಎಂದಳಂತೆ. ಬುಟ್ಟಿ ಮುಗಿಯುವ ಮೊದಲು ವಾಲ್ವಿನ ಕುತ್ತಿಗೆ ಒಡೆಯಿತು. ಹೊರಗಿದ್ದವರು ಕೇಳಿದ್ದು ಕುಕ್ಕರಿನ ಸೀಟಿಯಂಥ ಶಬ್ದ, ಕಂಡದ್ದು ಬಾಗಿಲಿನಿಂದ ನೆಲದ ಮೇಲೆ ಹರಿದುಬಂದ ಬಿಳಿ ಮೋಡ. ಅಷ್ಟೂ ಹೊತ್ತು ಸೊನ್ನೆ ತೋರಿಸುತ್ತಿದ್ದ ಪೆಟ್ಟಿಗೆ ಆಗ ಕೂಗಿತು. ಹೌದು, ಆಗ ಕೂಗಿತು!

ಗುರುವಪ್ಪ ಗ್ಯಾಸ್ ತಡೆಯುವ ಮುಖವಾಡ ಹಾಕಿಕೊಂಡು ಓಡಿದ. ಯಂತ್ರದ ಕೋಣೆಯ ಮುಖ್ಯ ವಾಲ್ವ್ ಮುಚ್ಚಿ ಹಾಲಿಗೆ ನುಗ್ಗಿದ. ನಳಿನಾಕ್ಷಿ ಬಾಗಿಲು ಎಂದುಕೊಂಡು ಗೋಡೆಯನ್ನು ತಡವುತ್ತಾ ಕುಸಿದಿದ್ದಳು. ಎಳೆದು ತಂದು ಅಂಗಳದಲ್ಲಿ ನಲ್ಲಿಯ ಕೆಳಗೆ ಮಲಗಿಸಿ ಕಣ್ಣಿಗೆ ನೀರು ಬಿಟ್ಟ. ಆಂಬ್ಯುಲೆನ್ಸ್ ಬರುವ ತನಕ ನೀರು ಬಿಡುತ್ತಲೇ ಇದ್ದ. ಅವಳು ಕೂಗುತ್ತಿದ್ದಳು. ಆಮೇಲೆ ಕೂಗು ನಿಂತು ಗೊರಗೊರ ಮಾತ್ರ ಬಂತು.

ಅವಳು ಸಾಯಲಿಲ್ಲ. ಕಂಪನಿ ಇದನ್ನು ದೊಡ್ಡ ಸಮಾಧಾನದ ಸಂಗತಿಯಾಗಿ ಪತ್ರಿಕೆಗಳಿಗೆ ತಿಳಿಸಿತು. ಎರಡೂ ಕಣ್ಣು ಹಾಲಿನ ಕೆನೆಯ ಹಾಗೆ ಬೆಳ್ಳಗಾದವು. ಗಂಟಲು ಸುಟ್ಟು, ಕತ್ತಿನಲ್ಲಿ ರಂಧ್ರ ಕೊರೆದು ಉಸಿರಾಡಿಸಿ, ಆಮೇಲೆ ಅದನ್ನು ಮುಚ್ಚಿದರು. ಉಳಿದದ್ದು ಕಿವಿಯನ್ನು ಬಾಯಿಗೆ ಇಟ್ಟರೆ ಮಾತ್ರ ಕೇಳುವ ಒಂದು ಪಿಸುದನಿ.

ಸರಕಾರದ ತನಿಖೆ ಶುರುವಾಯಿತು. ಅದಕ್ಕೆ ಮೊದಲೇ ಮುಖೇಶ್ ಜೆಪ್ಪುವಿಗೆ ಬಂದರು, ಹಣ್ಣಿನ ಬುಟ್ಟಿ ಹಿಡಿದುಕೊಂಡು. ಗುರುವಪ್ಪನ ಮನೆಯ ಜಗಲಿಯಲ್ಲಿ ಕುಳಿತು ಬಹಳ ಮೆತ್ತಗೆ ಮಾತಾಡಿದರು.

"ಗುರುವಪ್ಪ, ನಿಮ್ಮ ಅನುಭವ ಅಧಿಕಾರಿಗಳಿಗೂ ಗೊತ್ತುಂಟು. 'ಬೆಳಿಗ್ಗೆ ನೋಡಿದೆ, ವಾಸನೆ ಇರ್ಲಿಲ್ಲ, ಬಾಕ್ಸ್ ಸೊನ್ನೆ ಇತ್ತು.' ಇಷ್ಟು ಹೇಳಿ ಸಾಕು. ಒಂದು ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ. ಇದ್ದದ್ದನ್ನೇ ಹೇಳಿ."

"ಹೆಂಗಸರು ಕಣ್ಣುರಿ ಅಂದದ್ದು?"

"ಅದು ಕ್ಲೋರಿನ್ ಅಂತ ವ್ಯಾನಿನಲ್ಲಿ ನೀವೇ ಹೇಳಿದ್ದಲ್ವಾ? ಎಲ್ಲರೂ ಕೇಳಿದ್ದಾರೆ."

ಅವರು ಹೋದ ಮೇಲೆ ದೇಯಿ ಹಣ್ಣಿನ ಬುಟ್ಟಿಯನ್ನು ಎತ್ತಿ ಗೇಟಿನ ಹೊರಗೆ ಇಟ್ಟು ಬಂದಳು. ಅವನು ಅಂಗಿ ಹಾಕಿಕೊಂಡು ನಳಿನಾಕ್ಷಿಯ ಮನೆಗೆ ಹೊರಟ. ದೇಯಿ ಹಿಂದಿನಿಂದ ಹೋದಳು.

ನಳಿನಾಕ್ಷಿ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಗುರುವಪ್ಪ ನಿಂತುಕೊಂಡೇ ಹೇಳಿದ. ಜ್ವರದಿಂದ ಹಿಡಿದು ಎಲ್ಲವನ್ನೂ. ಮೂಗು ಇಲ್ಲದೆ ಮೂಗು ಇಟ್ಟದ್ದನ್ನು. ವ್ಯಾನಿನಲ್ಲಿ ಅವಳಿಗೆ ಕೊಟ್ಟ ಉತ್ತರವನ್ನು. ಅವಳ ಗಂಡ ಎದ್ದು ಬಂದು ಅವನ ಕಾಲರು ಹಿಡಿದ, ಹೊಡೆಯಲಿಲ್ಲ, ಬಿಟ್ಟು ಹೊರಗೆ ಹೋಗಿ ರಿಕ್ಷಾದೊಳಗೆ ಕುಳಿತ.

ನಳಿನಾಕ್ಷಿಯ ತುಟಿ ಅಲ್ಲಾಡಿತು. ದೇಯಿ ಕಿವಿ ಕೊಟ್ಟು ಕೇಳಿ, ಗಂಡನಿಗೆ ಹೇಳಿದಳು: "'ನನಗೆ ಆ ವಾಸನೆ ಬರ್ತಿತ್ತು' ಅಂತಾಳೆ. 'ಮೊದಲ ವಾರ ಚೆನ್ನಾಗಿ ಬರ್ತಿತ್ತು. ನೀವು ಇಲ್ಲ ಅಂದ್ರಿ ಅಂತ ನಾನು ಸುಮ್ಮನಾದೆ.'"

ಗುರುವಪ್ಪ ಅಳತೊಡಗಿದ. ತುಟಿ ಮತ್ತೆ ಅಲ್ಲಾಡಿತು.

"'ಇಲ್ಲಿ ಅಳುದು ಬೇಡ' ಅಂತಾಳೆ. 'ನನ್ನ ಹತ್ರ ಹೇಳಿ ಎಂತ ಆಗ್ಲಿಕ್ಕುಂಟು? ಅಲ್ಲಿ ಹೋಗಿ ಹೇಳಿ. ಪೆಟ್ಟಿಗೆಯನ್ನು ಎಂತ ಮಾಡಿದ್ರು, ಅದನ್ನೂ ಹೇಳಿ.'"

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಯಾಕೆ ಹೇಳಬೇಕು?

ತನಿಖೆ ನಡೆದದ್ದು ಪೇಟೆಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ಅಧಿಕಾರಿ, ಒಬ್ಬ ಬರೆದುಕೊಳ್ಳುವವ, ಕಂಪನಿಯ ವಕೀಲರು. ಗುರುವಪ್ಪ ನಿಂತು ತನ್ನ ಮೂಗು ಸತ್ತದ್ದನ್ನು ಹೇಳಿದ. ಅದನ್ನು ಮುಚ್ಚಿಟ್ಟದ್ದು ತನ್ನದೇ ತಪ್ಪು ಎಂದ. ಆಮೇಲೆ ಪೆಟ್ಟಿಗೆಯ ವಿಷಯ ಹೇಳಿದ: ಅದು ಕೂಗಿದಾಗಲೆಲ್ಲ ಆ ಹಾಲಿನ ಗಾಳಿಯಲ್ಲೇ ಸೊನ್ನೆ ಮಾಡಿದ್ದಾರೆ, ಶುದ್ಧ ಗಾಳಿ ತರಿಸಲಿಲ್ಲ, ವಾಲ್ವ್ ವಾರಗಟ್ಟಲೆ ಸೋರುತ್ತಿತ್ತು.

ವಕೀಲರು ಎದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿಯಿತ್ತು.

"ವಾಸನೆಯೇ ಬರುವುದಿಲ್ಲ ಅಂದ್ರಿ."

"ಹೌದು ಸರ್."

"ಹಾಗಾದ್ರೆ ವಾರಗಟ್ಟಲೆ ಗ್ಯಾಸ್ ಇತ್ತು ಅಂತ ನಿಮಗೆ ಹೇಗೆ ಗೊತ್ತು?"

ಗುರುವಪ್ಪ ಬಾಯಿ ತೆರೆದ. ತಾನು ಒಪ್ಪಿಕೊಂಡ ನಿಜವೇ ತನ್ನ ಸಾಕ್ಷಿಯನ್ನು ಮುರಿದದ್ದು ಅವನಿಗೆ ತಿಳಿಯಿತು. "ಹೆಂಗಸರ ಕಣ್ಣು ಉರೀತಿತ್ತು. ಅವರನ್ನು ಕೇಳಿ."

ಕೇಳಿದರು. ಒಬ್ಬೊಬ್ಬರನ್ನೇ ಕರೆದು ಕೇಳಿದರು, ಮುಖೇಶ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದಾಗಲೇ. ಕ್ಲೋರಿನ್, ಕ್ಲೋರಿನ್ ಎಂದು ಹೇಳಿ ಹೆಂಗಸರು ನೆಲ ನೋಡುತ್ತಾ ಹೋದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾಳೆ ಬೆಳಿಗ್ಗೆ ಅದೇ ವ್ಯಾನು ಹತ್ತಬೇಕಾದವರು ಅವರು. ಯೂಸ್ಟೇಸ್ ಬಂದರು. ಉಪಕರಣ ನಿಯಮದಂತೆ ಸೊನ್ನೆಗೆ ಹೊಂದಿಸಲಾಗುತ್ತಿತ್ತು ಎಂದರು. ಯಾವ ಗಾಳಿಯಲ್ಲಿ ಎಂದು ಅಧಿಕಾರಿ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೊನೆಗೆ ನಳಿನಾಕ್ಷಿ. ದೇಯಿ ಕೈ ಹಿಡಿದು ಮೆಟ್ಟಿಲು ಹತ್ತಿಸಿ ತಂದಿದ್ದಳು.

"ಸ್ವಲ್ಪ ಜೋರು ಹೇಳಮ್ಮ," ಎಂದರು ಅಧಿಕಾರಿ.

"ಜೋರು ಬರುದಿಲ್ಲ ಸರ್ ಅವಳಿಗೆ," ಎಂದಳು ದೇಯಿ. "ನಾನು ಕೇಳಿ ಹೇಳ್ತೇನೆ." ಅವಳು ಬಾಗಿ ಕೇಳಿ ಹೇಳತೊಡಗಿದಳು: "ಮೊದಲ ವಾರ ವಾಸನೆ ಬರ್ತಿತ್ತು ಅಂತಾಳೆ. ಮ್ಯಾನೇಜರರ ಕೋಣೆಯಲ್ಲೇ ಕಣ್ಣುರಿ ಅಂತ ಹೇಳಿದ್ದೇನೆ ಅಂತಾಳೆ. ಕನ್ನಡಕ ಹಾಕು ಅಂದ್ರಂತೆ. ಆ ಪರದೆಯಲ್ಲಿ ಯಾರ್ಯಾರ ಮೇಜು ಕೆಂಪಾಗಿತ್ತು, ಅದನ್ನು ತರಿಸಿ ನೋಡಿ ಅಂತಾಳೆ—"

"ಆಕ್ಷೇಪ," ಎಂದರು ವಕೀಲರು. "ಹೇಳುತ್ತಿರುವವರು ತಪ್ಪು ಒಪ್ಪಿಕೊಂಡವನ ಹೆಂಡತಿ. ಇದು ಯಾರ ಮಾತು ಎಂದು ಹೇಗೆ ನಂಬುವುದು? ಪರದೆಯಲ್ಲಿ ಇರುವುದು ಕಂಪನಿಯ ವ್ಯಾಪಾರದ ವಿಷಯ, ಸುರಕ್ಷತೆಗೂ ಅದಕ್ಕೂ ಸಂಬಂಧ ಇಲ್ಲ."

ಬರೆಯುತ್ತಿದ್ದವನ ಪೆನ್ನು ನಿಂತಿತು. ಅಧಿಕಾರಿ ಒಮ್ಮೆ ಗಡಿಯಾರ ನೋಡಿದರು. 'ಸಾಕ್ಷಿಯ ಹೇಳಿಕೆ ಸ್ಪಷ್ಟವಾಗಿಲ್ಲ' ಎಂದು ಬರೆಸಿದರು. ಪರದೆಯ ಮಾಹಿತಿ ತರಿಸಲಿಲ್ಲ.

ವರದಿ ಏನಾಗುತ್ತದೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಅಷ್ಟರಲ್ಲೇ ತಿಳಿದಿತ್ತು, ಆದದ್ದೂ ಹಾಗೆಯೇ. ತನ್ನ ಅಸಮರ್ಥತೆಯನ್ನು ಮರೆಮಾಚಿದ ನೌಕರನ ನಿರ್ಲಕ್ಷ್ಯ. ಗುರುವಪ್ಪನ ಮೇಲೆ ಮೊಕದ್ದಮೆ, ಕೆಲಸದಿಂದ ವಜಾ. ಕಂಪನಿಗೆ ಒಂದು ಎಚ್ಚರಿಕೆಯ ಪತ್ರ. ಆ ಕಂಪನಿಯಲ್ಲಿ ಕೆಟ್ಟುಹೋದ ಯಂತ್ರಗಳು, ಕೆಟ್ಟುಹೋದ ಮನುಷ್ಯರು ಬೇಕಾದಷ್ಟು ಇದ್ದರು. ನಾನು ಕೆಟ್ಟಿದ್ದೇನೆ ಎಂದು ತಾನಾಗಿ ಬಾಯಿಬಿಟ್ಟವನು ಒಬ್ಬನೇ. ಕಿತ್ತೆಸೆದದ್ದೂ ಅವನೊಬ್ಬನನ್ನೇ. ಇನ್ನು ಮುಂದೆ ಆ ಹಾಲಿನಲ್ಲಿ ಯಾರ ಮೂಗು ಹೋದರೂ, ಯಾರ ಕಣ್ಣು ಉರಿದರೂ, ಬಾಯಿ ಬಿಡುವ ಹುಚ್ಚು ಯಾರೂ ಮಾಡುವುದಿಲ್ಲ. ಕಂಪನಿ ಈಗ ಮೊದಲಿಗಿಂತ ಹೆಚ್ಚು ಕುರುಡಾಗಿದೆ. ಅದನ್ನು ಅವರು ಸುಧಾರಣೆ ಎಂದು ಕರೆಯುತ್ತಾರೆ.

ತನಿಖೆ ಮುಗಿದ ದಿನ ಮೂವರೂ ಹೊರಗೆ ಬಂದರು. ದೇಯಿ ಲಿಫ್ಟ್ ಇದೆಯೇ ಎಂದು ವಿಚಾರಿಸಲು ಆ ಕಡೆ ಹೋದಳು. ನಳಿನಾಕ್ಷಿ ಗೋಡೆ ಹಿಡಿದು ನಿಂತಳು. ಗುರುವಪ್ಪ ಅವಳಿಂದ ಸ್ವಲ್ಪ ದೂರದಲ್ಲಿ, ಕೈ ಹಿಡಿಯುವ ಧೈರ್ಯ ಸಾಲದೆ, ನಿಂತಿದ್ದ. ಆಗ ಯೂಸ್ಟೇಸ್ ಕೋಣೆಯಿಂದ ಹೊರಬಂದು, ಅವರನ್ನು ಕಂಡು ಅಲ್ಲೇ ನಿಂತರು. ಸೊನ್ನೆಯ ಗುಂಡಿ ಯಾವ ಗಾಳಿಯಲ್ಲಿ ಒತ್ತಿದ್ದೆಂದು ಹೇಳಿದರೆ ನಂಬಿಕೆಗೆ ಬರುವವರು ಅವರೊಬ್ಬರೇ. ಅವರ ಮತ್ತು ನಳಿನಾಕ್ಷಿಯ ನಡುವೆ ಒಂದು ಕೈಯಳತೆ.

ನಳಿನಾಕ್ಷಿ ಮುಖವನ್ನು ಆ ಕಡೆ ತಿರುಗಿಸಿದಳು. ತುಟಿ ಅಲ್ಲಾಡಿತು. ಕೇಳಿಸಲಿಲ್ಲ. ಗುರುವಪ್ಪ ಹತ್ತಿರ ಬಂದು ಮೊದಲ ಸಲ ತನ್ನ ಕಿವಿಯನ್ನು ಅವಳ ಬಾಯಿಯ ಬಳಿಗೆ ತಂದ.

"ಯಾರು ಅಲ್ಲಿ ನಿಂತದ್ದು?" ಎಂದು ಕೇಳುತ್ತಿದ್ದಳು.

ಯೂಸ್ಟೇಸ್ ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ಗುರುವಪ್ಪ ಅವರನ್ನು ನೋಡುತ್ತಾ, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

"ಪೊರ್ಬುಗಳು. ನಿಂತಿದ್ದಾರೆ. ಮಾತಾಡುದಿಲ್ಲ."

ನಳಿನಾಕ್ಷಿ ಕಾದಳು. ಯೂಸ್ಟೇಸ್ ಮೆಟ್ಟಿಲಿಳಿಯುವ ಶಬ್ದ ಪೂರ್ತಿ ನಿಲ್ಲುವ ತನಕ ಅವಳು ಆ ಕಡೆಗೇ ಮುಖ ಮಾಡಿ ನಿಂತಿದ್ದಳು.